ಸಮಬಲವಾದರೆ ಮೊದಲನೆಯ ಹಂತಕ್ಕೆ ಹಿಂದಿರುಗತಕ್ಕದ್ದು

'ಗೊತ್ತಿಲ್ಲ' ಎಂದು ನೆಮ್ಮದಿಯಿಂದ ಹೇಳಬಲ್ಲವರು ಮೂರು ತಲೆಮಾರಿನಿಂದ ಓದಿಕೊಂಡು ಬಂದ ಮನೆಯವರು ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥವರ ಅಜ್ಜನಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇವರೊಬ್ಬರಿಗೆ ಗೊತ್ತಿಲ್ಲದಿದ್ದರೆ ಮನೆತನಕ್ಕೇನೂ ಕುಂದಿಲ್ಲ. ನನ್ನ ಸ್ಥಿತಿ ಬೇರೆ. ಬೀಡಿ ಕಟ್ಟುವ ಅಮ್ಮ, ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತು ಬೇಗನೆ ತೀರಿಹೋದ ಅಪ್ಪ, ಹೆಬ್ಬೆಟ್ಟಿಗೆ ಮಸಿ ಹಚ್ಚಿಯೇ ಬದುಕು ಮುಗಿಸಿದ ಅಜ್ಜ — ಇವರೆಲ್ಲರ ಪರವಾಗಿ ಒಬ್ಬನೇ ಬಿ.ಕಾಂ. ಓದಿದವನು ನಾನು. ನಮ್ಮ ನೆರೆಹೊರೆಯಲ್ಲಿ ಯಾರಿಗಾದರೂ ಔಷಧದ ಚೀಟಿ ಅರ್ಥವಾಗದಿದ್ದರೆ, ಬ್ಯಾಂಕಿನಿಂದ ಪತ್ರ ಬಂದರೆ, ಹೊಲಿಗೆ ಯಂತ್ರ ಕೆಟ್ಟರೆ, "ರಮಾನಾಥನನ್ನು ಕೇಳಿ, ಅವನು ಡಿಗ್ರಿ ಮಾಡಿದ್ದಾನೆ" ಎನ್ನುತ್ತಿದ್ದರು. ಹೊಲಿಗೆ ಯಂತ್ರಕ್ಕೂ ವಾಣಿಜ್ಯಶಾಸ್ತ್ರಕ್ಕೂ ಸಂಬಂಧವಿಲ್ಲವೆಂದು ಹೇಳಿದ್ದರೆ ಅಮ್ಮನ ಮುಖ ಬಾಡುತ್ತಿತ್ತು. ಹಾಗಾಗಿ ನಾನು ಯಂತ್ರದ ಮುಂದೆ ಕುಳಿತು, ಗಂಭೀರವಾಗಿ ಕೆಮ್ಮಿ, ಅದರ ಚಕ್ರವನ್ನು ಒಮ್ಮೆ ಹಿಂದಕ್ಕೆ ತಿರುಗಿಸುತ್ತಿದ್ದೆ. ಎರಡು ಸಲ ಅದು ಸರಿಯೂ ಹೋಯಿತು. ಇದರಿಂದ ನನಗೆ ಆದ ಹಾನಿ ಅಷ್ಟಿಷ್ಟಲ್ಲ.

ಈ ಅಭ್ಯಾಸವನ್ನು ನಾನು ಮೂವತ್ತು ಕಿಲೋ ಸಾಮಾನಿನ ಜೊತೆಗೆ ದುಬೈಗೂ ತಂದೆ. ಜೆಬೆಲ್ ಅಲಿಯಲ್ಲಿ ಶೀತಲ ಯಂತ್ರಗಳ ಬಿಡಿಭಾಗಗಳನ್ನು ತರಿಸಿ ಮಾರುವ ಒಂದು ಸಂಸ್ಥೆಯ ದಾಖಲೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ವಿಭಾಗದ ಮುಖ್ಯಸ್ಥರು ಅಮೆರಿಕದವರು, ಹೆಸರು ಕ್ರೇಗ್. ಆರಡಿ ಎತ್ತರದ, ಕೆಂಪು ಮುಖದ, ಜೋರು ನಗೆಯ ಸಜ್ಜನರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ನನ್ನ ಮೇಜಿನ ಅಂಚಿನ ಮೇಲೆ ಕುಳಿತು, "ನಮ್ಮ ಅಮೆರಿಕದ ಫುಟ್‌ಬಾಲ್ ನೋಡ್ತೀಯಾ? ಹೆಲ್ಮೆಟ್ ಹಾಕಿ ಆಡುವುದು?" ಎಂದು ಕೇಳಿದರು. ಆ ಆಟವನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಫುಟ್‌ಬಾಲ್ ಆಡುವುದು ಏಕೆಂದೂ ತಿಳಿಯಲಿಲ್ಲ. ಆದರೆ ಬಾಯಿ ತನ್ನ ಪಾಡಿಗೆ ತಾನು, "ಖಂಡಿತವಾಗಿಯೂ ಸರ್. ಬಹಳ ಆಸಕ್ತಿಯಿಂದ" ಎಂದುಬಿಟ್ಟಿತು. ಕ್ರೇಗ್ ಅವರ ಕಣ್ಣು ತುಂಬಿ ಬಂದಂತಾಯಿತು. ಇಡೀ ಕಚೇರಿಯಲ್ಲಿ ಅವರ ಆಟದ ಬಗ್ಗೆ ಮಾತನಾಡಬಲ್ಲ ಒಂದು ಜೀವ ಕೊನೆಗೂ ಸಿಕ್ಕಿತೆಂದು ಅವರು ನಂಬಿದರು.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ನನಗೆ ಪರೀಕ್ಷೆ. ಅಮೆರಿಕದಲ್ಲಿ ಭಾನುವಾರ ನಡೆದ ಪಂದ್ಯಗಳ ಸುದ್ದಿಯನ್ನು ಅವರು ಕಾಫಿ ಲೋಟದೊಂದಿಗೆ ತರುತ್ತಿದ್ದರು. ನಾನು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಇನ್ನಿಬ್ಬರೊಡನೆ ಹಂಚಿಕೊಂಡಿದ್ದ ಕೋಣೆಯಲ್ಲಿ ಆಟವನ್ನು ನೋಡಿ ಕಲಿಯಲು ಪ್ರಯತ್ನಿಸಿದೆ. ಹತ್ತು ನಿಮಿಷದಲ್ಲಿ ಏಳು ಸಲ ಆಟ ನಿಂತಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಚೆಂಡು ಎಲ್ಲಿದೆಯೆಂಬುದು ಯಾರಿಗೂ ತಿಳಿದಂತೆ ಕಾಣಲಿಲ್ಲ. ನೋಡಿ ಕಲಿಯುವುದು ನನ್ನ ಜಾಯಮಾನವಲ್ಲ, ಓದಿ ಕಲಿಯುವವನು ನಾನು. ಆದ್ದರಿಂದ ನಿಯಮಗಳನ್ನು ಹುಡುಕಿದೆ. ಆಟದ ನಿಯಮಗಳು ಪುಟಗಟ್ಟಲೆ ಇದ್ದವು. ಆದರೆ ಅವುಗಳ ನಡುವೆ ಒಂದು ಪುಟ್ಟ ಅಧ್ಯಾಯ ಕಣ್ಣಿಗೆ ಬಿತ್ತು: ಋತುವಿನ ಕೊನೆಯಲ್ಲಿ ಎರಡೋ ಮೂರೋ ತಂಡಗಳ ಸೋಲು ಗೆಲುವು ಸರಿಸಮವಾದರೆ ಮುಂದಿನ ಸುತ್ತಿಗೆ ಯಾರು ಹೋಗಬೇಕು? ಒಂದನೆಯ ಹಂತ, ಎರಡನೆಯ ಹಂತ, ಮೂರನೆಯ ಹಂತ — ಸಾಲಾಗಿ, ಸಂಖ್ಯೆ ಹಾಕಿ, ಕಂಪನಿ ಕಾಯಿದೆಯಷ್ಟೇ ಶಿಸ್ತಾಗಿ ಬರೆದಿದ್ದರು. ನನಗೆ ಪರಮಾನಂದವಾಯಿತು. ಇದು ನನ್ನ ಭಾಷೆ! ನೋಟುಪುಸ್ತಕವೊಂದನ್ನು ಕೊಂಡು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎಲ್ಲವನ್ನೂ ಬರೆದು ಕಂಠಪಾಠ ಮಾಡಿದೆ. ಸರಿಯಾಗಿ ಹೇಳುವುದಾದರೆ, ಆ ಆಟವನ್ನು ನಾನು ಇಂದಿಗೂ ಪೂರ್ತಿಯಾಗಿ ನೋಡಿಲ್ಲ. ಆದರೆ ಅದರಲ್ಲಿ ಸಮಬಲವಾದರೆ ಏನು ಮಾಡಬೇಕೆಂಬುದನ್ನು ನಿದ್ರೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಡುಗೆಯೇ ತಿಳಿಯದೆ ಬಡಿಸುವ ಕ್ರಮದಲ್ಲಿ ಮಾತ್ರ ಪಂಡಿತನಾದಂತೆ.

ಓದುಗರಿಗೆ ತೊಂದರೆ ಕೊಡದೆ ಸಾರಾಂಶವನ್ನಷ್ಟೇ ಹೇಳುತ್ತೇನೆ. ಅಲ್ಲಿ ಒಟ್ಟು ಮೂವತ್ತೆರಡು ತಂಡಗಳು, ನಾಲ್ಕು ನಾಲ್ಕರ ಗುಂಪುಗಳು. ನಾನು ಹೇಳುತ್ತಿರುವ ಕಾಲದಲ್ಲಿ ಪ್ರತಿ ತಂಡಕ್ಕೂ ಹದಿನಾರೇ ಪಂದ್ಯ, ಮುಂದಿನ ಸುತ್ತಿಗೆ ಹನ್ನೆರಡು ತಂಡಗಳಿಗೆ ಮಾತ್ರ ಪ್ರವೇಶ. ಪಂದ್ಯಗಳು ಇಷ್ಟು ಕಡಿಮೆಯಾದಾಗ ಹಲವರು ಸರಿಸಮವಾಗಿ ನಿಲ್ಲುವುದು ಸಹಜ. ಮತ್ತೊಮ್ಮೆ ಆಡಿಸೋಣವೆಂದರೆ ಸಮಯವಿಲ್ಲ, ಆಟಗಾರರ ಮೂಳೆಗಳೂ ಒಪ್ಪುವುದಿಲ್ಲ. ಆದುದರಿಂದ ಹಳೆಯದನ್ನು ಕೆದಕುತ್ತಾರೆ. ಮೊದಲು, ಅವರವರೇ ಆಡಿದಾಗ ಯಾರು ಯಾರನ್ನು ಸೋಲಿಸಿದರು? ಅದರಲ್ಲೂ ಸಮವಾದರೆ, ತಮ್ಮ ಗುಂಪಿನೊಳಗಿನ ಸಾಧನೆ ಯಾರದು ಹೆಚ್ಚು? ಆಮೇಲೆ, ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳ ಮುಂದೆ ಯಾರು ಮೇಲು? ಹೀಗೆ ಇಳಿಯುತ್ತ ಇಳಿಯುತ್ತ, ಎಲ್ಲವೂ ಸಮವಾದರೆ ಕಟ್ಟಕಡೆಗೆ ನಾಣ್ಯ ಚಿಮ್ಮುವುದು. ಇಷ್ಟೆಲ್ಲ ವಿದ್ವತ್ತಿನ ತಳದಲ್ಲಿ ನಮ್ಮ ಶಾಲೆಯ ಕಬಡ್ಡಿ ಮಾಸ್ತರರ ನಾಣ್ಯವೇ ಇರುವುದನ್ನು ಕಂಡು ನನಗೆ ಅಮೆರಿಕದ ಮೇಲೆ ಮೊದಲ ಬಾರಿಗೆ ಸಲಿಗೆ ಹುಟ್ಟಿತು.

ಆ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಮಾತ್ರ ಐದನೆಯದು. ನೀವು ಸೋಲಿಸಿದ ತಂಡಗಳು ಒಟ್ಟಾರೆ ಎಷ್ಟು ಗೆದ್ದಿವೆ ಎಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಅಂದರೆ ನಿಮ್ಮಿಂದ ಸೋತವನು ಮುಂದೆ ಉದ್ಧಾರವಾದಷ್ಟೂ ನಿಮ್ಮ ಗೆಲುವಿಗೆ ತೂಕ. ಕ್ರೇಗ್ ಅವರು ಡಿಸೆಂಬರ್ ತಿಂಗಳಿಡೀ ತಮ್ಮ ತಂಡ ಹಿಂದೆ ಸೋಲಿಸಿದ್ದ ತಂಡಗಳಿಗೆಲ್ಲ ಜಯವಾಗಲೆಂದು ಹಾರೈಸುತ್ತ ಓಡಾಡುವುದನ್ನು ಕಂಡು ನಾನು ಬೆರಗಾಗಿದ್ದೆ. ನಮ್ಮಲ್ಲಿ ಇಂಥ ಪದ್ಧತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಹತ್ತನೆಯ ತರಗತಿಯಲ್ಲಿ ನನಗಿಂತ ಆರು ಅಂಕ ಕಡಿಮೆ ಪಡೆದ ಗೆಳೆಯ ಈಗ ಮಣಿಪಾಲದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಅವನ ಏಳಿಗೆಯನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಐದನೆಯ ಹಂತವನ್ನು ಓದಿದ ಮೇಲೆ ಅವನ ಬಡ್ತಿಯ ಸುದ್ದಿ ಬಂದರೆ ನನ್ನ ಆರು ಅಂಕದ ಬೆಲೆಯೇ ಏರಿದಂತೆ ಭಾಸವಾಗುತ್ತದೆ.

ಇರಲಿ. ನಾನು ಹೇಳಹೊರಟದ್ದು ರಜೆಯ ವಿಷಯ. ನಮ್ಮ ವಿಭಾಗದಲ್ಲಿ ಕ್ರೇಗ್ ಅವರನ್ನು ಬಿಟ್ಟರೆ ಮೂವರು: ನಾನು, ಉಡುಪಿ ಕಡೆಯ ಸದಾನಂದಣ್ಣ, ಮತ್ತು ಮಂಗಳೂರಿನ ಜೆಸಿಂತಾ ಬಾಯಿ. ಸದಾನಂದಣ್ಣ ಹದಿನೆಂಟು ವರ್ಷದ ಗಲ್ಫ್ ಅನುಭವಿ. ಇಂಟರ್‌ನ್ಯಾಷನಲ್ ಸಿಟಿಯಿಂದ ಬರುವಾಗ ಎರಡು ಡಬ್ಬಿ ಊಟ ತಂದು ಒಂದನ್ನು ಮಾತನಾಡದೆ ನನ್ನ ಮೇಜಿನ ಮೇಲಿಡುವವರು. ಜೆಸಿಂತಾ ಬಾಯಿ ಮಿರ್ದಿಫ್‌ನಿಂದ ಹಂಚಿಕೆಯ ಕಾರಿನಲ್ಲಿ ಬರುತ್ತಾರೆ. ಐದು ಗಂಟೆ ಬಾರಿಸಿದರೆ ಅರ್ಧ ಬರೆದ ಪದವನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಸಂಸ್ಥೆಯ ನಿಯಮದಂತೆ ಮೂವರಲ್ಲಿ ಒಂದು ಸಲಕ್ಕೆ ಒಬ್ಬರೇ ರಜೆಯಲ್ಲಿರಬಹುದು. ಆ ವರ್ಷ ಫೆಬ್ರವರಿಯ ಮಧ್ಯದ ಅದೇ ಹದಿನೈದು ದಿನಗಳಿಗೆ ಮೂವರೂ ಅರ್ಜಿ ಹಾಕಿದೆವು. ಸದಾನಂದಣ್ಣನ ಹೊಸ ಮನೆಯ ಗೃಹಪ್ರವೇಶಕ್ಕೆ ಜೋಯಿಸರು ಅದೇ ವಾರ ಮುಹೂರ್ತ ಕೊಟ್ಟಿದ್ದರು. ಜೆಸಿಂತಾ ಬಾಯಿಯ ಸೋದರಸಂಬಂಧಿಯ ಮದುವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉಪವಾಸ ಶುರುವಾದರೆ ಮತ್ತೆ ಮದುವೆ ಮಾಡುವಂತಿಲ್ಲ, ಅದರೊಳಗೇ ಆಗಬೇಕು. ನನ್ನದು ತಂಗಿಯ ಘಟಿಕೋತ್ಸವ.

ಈ ಮೂರನೆಯ ಕಾರಣ ಮೊದಲಿನ ಎರಡರ ಮುಂದೆ ಕುಳ್ಳಗೆ ಕಾಣುತ್ತದೆಂದು ನನಗೂ ಗೊತ್ತಿತ್ತು. ಆದರೆ ನನ್ನ ಘಟಿಕೋತ್ಸವಕ್ಕೆ ನಾನು ಹೋಗಲಾಗಿರಲಿಲ್ಲ. ಅದೇ ವಾರ ವೀಸಾ ಬಂದಿತ್ತು. ನನ್ನ ಪದವಿಪತ್ರ ಅಂಚೆಯಲ್ಲಿ ಮನೆಗೆ ಬಂದು, ಅಮ್ಮ ಅದನ್ನು ಯಾವುದೋ ನೋಟೀಸೆಂದು ಹೆದರಿ ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದರು. ತಂಗಿ ವಿನುತಾ ಎಂ.ಎಸ್ಸಿ. ಮುಗಿಸಿದ್ದಳು. ನಮ್ಮ ಮನೆಯಿಂದ ಒಬ್ಬರು ಕಪ್ಪು ಗೌನು ಹಾಕಿ ವೇದಿಕೆ ಹತ್ತುವುದನ್ನು ನಾನು ಒಮ್ಮೆಯಾದರೂ ಕುರ್ಚಿಯಲ್ಲಿ ಕುಳಿತು ನೋಡಬೇಕಿತ್ತು. ಫೋನಿನಲ್ಲಿ ಅವಳು, "ಅಣ್ಣಾ, ಎರಡು ಪಾಸ್ ಕೊಡ್ತಾರೆ. ಒಂದು ಅಮ್ಮನಿಗೆ, ಇನ್ನೊಂದು ಯಾರಿಗೆ ಅಂತ ಹೆಸರು ಬರೀಬೇಕು. ನಿಂದು ಬರೀಲಾ?" ಎಂದಿದ್ದಳು. ಬರೆ ಎಂದಿದ್ದೆ. ರಜೆ ಸಿಗುತ್ತದೆಯೇ ಎಂದು ಅವಳು ಕೇಳಿದಾಗಲೂ 'ಗೊತ್ತಿಲ್ಲ' ಎನ್ನಲು ನನ್ನಿಂದಾಗಲಿಲ್ಲ. "ಖಂಡಿತವಾಗಿ" ಎಂದಿದ್ದೆ. ಅರ್ಜಿಯ ಕಾರಣದ ಅಂಕಣದಲ್ಲಿ ಮಾತ್ರ, ಕಚೇರಿಯ ಕಾಗದದಲ್ಲಿ ಮನೆಯ ಮಾತು ಸಲ್ಲದೆಂದು ಭಾವಿಸಿ, 'ಕೌಟುಂಬಿಕ ಸ್ವರೂಪದ ಶೈಕ್ಷಣಿಕ ಕಾರ್ಯಕ್ರಮ' ಎಂಬರ್ಥದ ಒಂದು ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ರಚಿಸಿದೆ. ಅದು ವ್ಯಾಕರಣಬದ್ಧವಾಗಿತ್ತು. ಅದರ ಅರ್ಥವೇನೆಂದು ಯಾರೂ ಕೇಳಲಿಲ್ಲ.

ಆ ಅರ್ಜಿಗಳು ಕ್ರೇಗ್ ಅವರ ಮೇಜಿನ ಮೇಲೆ ಹತ್ತು ದಿನ ಹಾಗೆಯೇ ಇದ್ದವು. ಕಾರಣ, ಅವರ ಊರಿನ ತಂಡದ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. ಋತುವಿನ ಕೊನೆಯ ಭಾನುವಾರ ಬಂತು. ಅಮೆರಿಕದಲ್ಲಿ ಇನ್ನೂ ಬೆಳಗಾಗಿರಲಿಲ್ಲ. ನಮಗೆ ವಾರದ ಮೊದಲ ಕೆಲಸದ ದಿನ. ಕ್ರೇಗ್ ಅವರು ಸಭಾಕೊಠಡಿಯ ಬಿಳಿ ಹಲಗೆಯ ಮುಂದೆ ಮಾರ್ಕರ್ ಹಿಡಿದು ಕುಸಿದು ಕುಳಿತಿದ್ದರು. ನನ್ನನ್ನು ಕರೆದರು.

"ಮುಗೀತು, ಗೆಳೆಯಾ. ಇವತ್ತು ನಾವು ಗೆದ್ದರೂ ಮೂರು ತಂಡ ಸಮ ಆಗ್ತದೆ. ನಮ್ಮ ಗುಂಪಿನಿಂದ ಮೊದಲನೆಯವರು ಮಾತ್ರ ಮುಂದೆ ಹೋಗೋದು."

ನಾನು ಹಲಗೆಯನ್ನು ನೋಡಿದೆ. ಅವರ ತಂಡ ಎರಡನೆಯ ತಂಡವನ್ನು ಎರಡು ಸಲ ಸೋಲಿಸಿತ್ತು, ಎರಡನೆಯದು ಮೂರನೆಯದನ್ನು ಎರಡು ಸಲ ಸೋಲಿಸಿತ್ತು, ಮೂರನೆಯದು ಅವರ ತಂಡವನ್ನು ಎರಡು ಸಲ ಸೋಲಿಸಿತ್ತು. ಆನೆ ಇರುವೆಗೆ ಅಂಜಿ, ಇರುವೆ ಕೋಳಿಗೆ ಅಂಜಿ, ಕೋಳಿ ಆನೆಗೆ ಅಂಜಿದಂತೆ. ಹಾಗಾಗಿ ಮೊದಲ ಹಂತದಲ್ಲಿ ತೀರ್ಮಾನವಿಲ್ಲ. ಎರಡನೆಯ ಹಂತದಲ್ಲಿ, ಗುಂಪಿನ ನಾಲ್ಕನೆಯ ದುರ್ಬಲ ತಂಡದ ಕೈಯಲ್ಲಿ ಒಮ್ಮೆ ಸೋತಿದ್ದ ಆ ಮೂರನೆಯ ತಂಡ ಹೊರಬೀಳುತ್ತಿತ್ತು.

"ಉಳಿದದ್ದು ನಾವಿಬ್ಬರು," ಎಂದರು ಕ್ರೇಗ್. "ಮುಂದೆ ಮೂರನೆಯ ಹಂತ. ಅದರಲ್ಲಿ ಅವರೇ ಮೇಲು. ಖಲಾಸ್." ಈ ಒಂದು ಅರಬ್ಬಿ ಪದವನ್ನು ಅವರು ದುಃಖಕ್ಕಾಗಿಯೇ ಮೀಸಲಿಟ್ಟಿದ್ದರು.

ಬದುಕಿನಲ್ಲಿ ಮೊದಲ ಬಾರಿಗೆ ಯಾರೋ ಕೇಳಿದ ಪ್ರಶ್ನೆಗೆ ನನಗೆ ನಿಜವಾಗಿಯೂ ಉತ್ತರ ಗೊತ್ತಿತ್ತು. "ಕ್ಷಮಿಸಬೇಕು ಸರ್," ಎಂದೆ. "ಮೂವರಲ್ಲಿ ಒಬ್ಬರು ಯಾವ ಹಂತದಲ್ಲಿಯೇ ಹೊರಬಿದ್ದರೂ, ಉಳಿದ ಇಬ್ಬರು ಮುಂದಿನ ಹಂತಕ್ಕೆ ಹೋಗತಕ್ಕದ್ದಲ್ಲ. ಮೊದಲನೆಯ ಹಂತಕ್ಕೆ ಹಿಂದಿರುಗತಕ್ಕದ್ದು. ಅಲ್ಲಿ ನೀವು ಅವರನ್ನು ಎರಡು ಸಲ ಸೋಲಿಸಿದ್ದೀರಿ."

ಕ್ರೇಗ್ ಫೋನು ತೆಗೆದು ನೋಡಿದರು. ಮತ್ತೊಮ್ಮೆ ನೋಡಿದರು. ಅನಂತರ ನನ್ನನ್ನು ನೆಲದಿಂದ ಸುಮಾರು ನಾಲ್ಕು ಅಂಗುಲ ಮೇಲಕ್ಕೆ ಎತ್ತಿದರು. ಗಾಜಿನ ಗೋಡೆಯ ಆಚೆಯಿಂದ ಇದನ್ನು ಕಂಡ ಜೆಸಿಂತಾ ಬಾಯಿ, "ಬಡ್ತಿಯೋ, ಟರ್ಮಿನೇಶನ್ನೋ? ಎರಡಕ್ಕೂ ಇವರು ಹಾಗೆಯೇ ಎತ್ತುದು" ಎಂದರಂತೆ.

ಮರುದಿನ ಬೆಳಿಗ್ಗೆ ಫಲಿತಾಂಶ ಬಂದಿತ್ತು. ನಾನು ಹೇಳಿದಂತೆಯೇ ಆಗಿತ್ತು. ಕ್ರೇಗ್ ಅವರು ಇಡೀ ಕಚೇರಿಗೆ ಕುನಾಫಾ ಎಂಬ ಅರಬ್ಬಿ ಸಿಹಿತಿಂಡಿ ತರಿಸಿದರು. ಸಂತೋಷದಲ್ಲಿದ್ದ ಮನುಷ್ಯ ಬಾಕಿ ಕೆಲಸಗಳನ್ನೆಲ್ಲ ಒಮ್ಮೆಲೇ ಮುಗಿಸಲು ಹೊರಡುತ್ತಾನೆ. ನಮ್ಮ ಮೂರು ಅರ್ಜಿಗಳನ್ನು ಎತ್ತಿಕೊಂಡು ಅವರು ಘೋಷಿಸಿದರು: "ಮೂವರು, ಒಂದು ಜಾಗ. ಇದನ್ನೂ ಹಾಗೇ ತೀರ್ಮಾನಿಸೋಣ. ನಮ್ಮ ತಜ್ಞ ಪಟ್ಟಿ ಮಾಡಲಿ!" ತಜ್ಞನೆಂದರೆ ನಾನು. ಸ್ಪರ್ಧಿಯೇ ತೀರ್ಪುಗಾರನಾಗುವುದು ಸರಿಯಲ್ಲವೆಂದು ಹೇಳಬೇಕಿತ್ತು. "ಖಂಡಿತವಾಗಿಯೂ ಸರ್" ಎಂದೆ.

ಪಟ್ಟಿ ಮಾಡಲು ಕುಳಿತೆ. ಮೊದಲನೆಯ ಹಂತ: ಹಿಂದೆ ಇಬ್ಬಿಬ್ಬರ ನಡುವೆ ರಜೆಗೆ ಪೈಪೋಟಿಯಾದಾಗ ಯಾರು ಹೋದರು, ಯಾರು ಉಳಿದರು? ಕಡತ ತೆಗೆದು ನೋಡಿದರೆ, ಹಿಂದಿನ ವರ್ಷ ಓಣಂ ಹೊತ್ತಿಗೆ ನಾನೂ ಸದಾನಂದಣ್ಣನೂ ಕೇಳಿ, ಅವರು ಹೋಗಿದ್ದರು. ಅದಕ್ಕೂ ಹಿಂದೆ ನಾನೂ ಜೆಸಿಂತಾ ಬಾಯಿಯೂ ಕೇಳಿ, ನಾನು ಹೋಗಿದ್ದೆ. ಒಂದು ಕ್ರಿಸ್ಮಸ್‌ಗೆ ಅವರಿಬ್ಬರೂ ಕೇಳಿ, ಜೆಸಿಂತಾ ಬಾಯಿ ಹೋಗಿದ್ದರು. ಮತ್ತೆ ಅದೇ ಆನೆ, ಇರುವೆ, ಕೋಳಿ! ಎರಡನೆಯ ಹಂತಕ್ಕೆ, ವಿಭಾಗದೊಳಗೆ ಬೇರೆಯವರ ಕೆಲಸವನ್ನು ವಹಿಸಿಕೊಂಡ ದಾಖಲೆಯನ್ನು ಇಟ್ಟೆ. ನಾನೂ ಸದಾನಂದಣ್ಣನೂ ಸಮ. ಜೆಸಿಂತಾ ಬಾಯಿ ಯಾರ ಕೆಲಸವನ್ನೂ ಎಂದೂ ವಹಿಸಿಕೊಂಡವರಲ್ಲ.

ಅವರಿಗೆ ವಿಷಯ ತಿಳಿಸಲು ಹೆದರುತ್ತ ಹೋದೆ. ಅವರು ಕುನಾಫಾದ ಪಿಸ್ತಾವನ್ನು ಹೆಕ್ಕುತ್ತ ಹೇಳಿದರು: "ಹೋಗಲಿ ಬಿಡು ಮಾರಾಯಾ. ಹೋಗದಿದ್ರೆ ಅತ್ತೆ ಮುಖ ಊದಿಸ್ತಾಳೆ ಅಂತ ಅಪ್ಲಿಕೇಶನ್ ಹಾಕಿದ್ದು. ಈಗ ಕಂಪನಿಯೇ ಬಿಡ್ಲಿಲ್ಲ ಅಂತ ಹೇಳ್ಬಹುದು, ಅಮೆರಿಕದ ರೂಲ್ ಅಂತ. ಅದನ್ನೊಂದು ಪೇಪರಲ್ಲಿ ಬರೆದು ಕೊಡ್ತೀಯಾ? ಸೈನ್ ಹಾಕಿ?"

ಉಳಿದವರು ಇಬ್ಬರು. ಮೂರನೆಯ ಹಂತಕ್ಕೆ, ಇಬ್ಬರೂ ಸಮಾನವಾಗಿ ಎದುರಿಸಿದ ಕಠಿಣ ಕಾಲ, ಅಂದರೆ ಆಗಸ್ಟ್ ತಿಂಗಳ ದಾಸ್ತಾನು ಎಣಿಕೆಯ ಹಾಜರಿಯನ್ನು ಇರಿಸಿದ್ದೆ. ಅದರಲ್ಲಿ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಸದಾನಂದಣ್ಣ ಮೂತ್ರಕೋಶದ ಕಲ್ಲಿನಿಂದ ಎರಡು ದಿನ ಮಲಗಿದ್ದರು. ಅಂದರೆ ಎರಡನೆಯ ಹಂತದಿಂದ ಮೂರನೆಯದಕ್ಕೆ ಸುಮ್ಮನೆ ನಡೆದುಹೋದರೆ ರಜೆ ನನ್ನದು. ಮೊದಲನೆಯದಕ್ಕೆ ಹಿಂದಿರುಗಿದರೆ ಅವರದು. ನಾನು ಈ ಜಾಗದಲ್ಲಿ ಎಷ್ಟು ಹೊತ್ತು ಕುಳಿತೆನೆಂದು ಹೇಳಲಾರೆ. ನನ್ನ ಮೇಜಿನ ಮೇಲೆ ಆ ದಿನವೂ ಅವರು ಇಟ್ಟ ಡಬ್ಬಿಯಿತ್ತು. ಒಳಗೆ ಬಸಳೆ ಸಾರು. ಕೊನೆಗೆ ನನ್ನೊಳಗಿನ ಪದವೀಧರ ಒಂದು ಉಪಾಯ ಹುಡುಕಿದ. ಸುಳ್ಳು ಬರೆಯಲಿಲ್ಲ. 'ಎರಡನೆಯ ಹಂತದ ಬಳಿಕ ಉಳಿದ ಅಭ್ಯರ್ಥಿಗಳನ್ನು ಅನ್ವಯಿಸುವ ಹಂತದಂತೆ ಪರಿಗಣಿಸಲಾಯಿತು' ಎಂದು, ಕರ್ತೃವಿಲ್ಲದ, ಸಂಖ್ಯೆಯಿಲ್ಲದ, ಅತ್ಯಂತ ಸಭ್ಯವಾದ ಒಂದು ವಾಕ್ಯವನ್ನು ಬರೆದು, ಅದರ ಕೆಳಗೆ ಆಗಸ್ಟ್ ಹಾಜರಿಯ ಕೋಷ್ಟಕವನ್ನು ಅಂಟಿಸಿದೆ. ಕ್ರೇಗ್ ಅವರು ಸಂಭ್ರಮದಲ್ಲಿ ಅದನ್ನು ಗಮನಿಸಲಾರರೆಂದು ಆಸೆ.

ಕ್ರೇಗ್ ಅವರು ಹಾಳೆಯ ಮೇಲೆ ಬೆರಳಿಟ್ಟು ಇಳಿದರು. ಬೆರಳು ಆ ಸಭ್ಯ ವಾಕ್ಯದ ಮೇಲೆ ನಿಂತಿತು. ಮುಖ ಅರಳಿತು.

"ಆಹಾ! ಇಲ್ಲಿ ಮೊದಲನೆಯ ಹಂತಕ್ಕೆ ವಾಪಸ್, ಅಲ್ವಾ? ನೀನು ನಿನ್ನೆ ಹೇಳಿಕೊಟ್ಟೆಯಲ್ಲ! ನೋಡು, ನಾನು ಮರೆತಿಲ್ಲ!" ಎಂದು ಒಳ್ಳೆಯ ವಿದ್ಯಾರ್ಥಿಯಂತೆ ನನ್ನತ್ತ ನೋಡಿದರು. ಗುರುವಾದವನು ಏನು ಹೇಳಲು ಸಾಧ್ಯ? "ಅತ್ಯಂತ ಸರಿಯಾಗಿ ಹೇಳಿದಿರಿ ಸರ್," ಎಂದೆ. ಅವರು ಸದಾನಂದಣ್ಣನ ಅರ್ಜಿಯ ಮೇಲೆ ಸಹಿ ಹಾಕಿದರು.

ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾನು ಬಸಳೆ ಸಾರಿನ ಡಬ್ಬಿಯನ್ನು ತೆರೆಯದೆ ಕುಳಿತಿದ್ದೆ. ಸದಾನಂದಣ್ಣ ಎದುರು ಬಂದು ಕುಳಿತರು.

"ಎಂತ ಮಾರಾಯ, ಮುಖ ಹೀಗೆ? ನಿನ್ನೆ ನೀನು ಬಾಯಿ ಮುಚ್ಚಿಕೊಂಡಿದ್ರೆ ಇವತ್ತು ನಿಂದೇ ಅಲ್ವಾ ರಜೆ?"

"ನಿಯಮವೆಂದರೆ ನಿಯಮ ಸದಾನಂದಣ್ಣ," ಎಂದೆ, ಆ ಸಭ್ಯ ವಾಕ್ಯವನ್ನು ನೆನೆದು ಕಿವಿ ಬಿಸಿಯಾಗುತ್ತಿದ್ದರೂ.

ಜೆಸಿಂತಾ ಬಾಯಿ ಚಹಾದ ನೀರು ಇಡುತ್ತಿದ್ದವರು ತಿರುಗಿದರು. "ಅಲ್ಲ, ನಂಗೊಂದು ಡೌಟು. ಇವನ ಫಾರ್ಮಲ್ಲಿ ಎಂತದೋ ಉದ್ದಕ್ಕೆ ಬರ್ದಿದ್ದಾನೆ. ಕೋರ್ಟ್ ಕೇಸಾ ಎಂತ ನಿಂದು?"

"ತಂಗಿಯ ಘಟಿಕೋತ್ಸವ."

"ಅದನ್ನು ಹಾಗೆ ಬರೀಲಿಕ್ಕೆ ನಿಂಗೆ ಕೈ ನೋವಾ?" ಎಂದರು ಜೆಸಿಂತಾ ಬಾಯಿ. "ಯಾವತ್ತು?"

ತಾರೀಕು ಹೇಳಿದೆ. ಅವರು ಗೋಡೆಯ ಮೇಲಿನ ಕಾರ್ಗೋ ಕಂಪನಿಯ ಕ್ಯಾಲೆಂಡರನ್ನು ಫೆಬ್ರವರಿಗೆ ಮಗುಚಿದರು. ಬೆರಳಿಟ್ಟರು. ನನ್ನನ್ನು ನೋಡಿದರು. ಮತ್ತೆ ಕ್ಯಾಲೆಂಡರ್ ನೋಡಿದರು.

"ಸದಾನಂದಣ್ಣಾ, ಇಲ್ಲಿ ಬನ್ನಿ. ಇದು ಯಾವ ವಾರ?"

"ಶನಿವಾರ."

"ಶನಿವಾರ ನಮ್ಗೆ ಎಂತ?"

"ರಜೆ."

"ಈ ಡಿಗ್ರಿ ಮಾಡಿದವನಿಗೆ ನೀವೇ ಹೇಳಿ, ನಂಗೆ ನಗು ಬರ್ತದೆ."

ಇಲ್ಲಿ ನನ್ನ ಪರವಾಗಿ ಎರಡು ಮಾತು ಹೇಳಿಕೊಳ್ಳಲೇಬೇಕು. ಆಗ ನಮಗೆ ಶುಕ್ರವಾರ, ಶನಿವಾರ ವಾರಾಂತ್ಯ. ಊರಿನಲ್ಲಿ ಶನಿವಾರವೆಂದರೆ ಶಾಲೆಯೂ ಉಂಟು, ಬ್ಯಾಂಕೂ ಉಂಟು. ಊರಿನ ಸಮಾರಂಭದ ತಾರೀಕನ್ನು ನಾನು ಊರಿನ ತಲೆಯಿಂದಲೇ ಲೆಕ್ಕ ಹಾಕಿದ್ದೆ. ಆದರೆ ನಿಜವಾದ ಕಾರಣ ಬೇರೆ. ಗಲ್ಫಿನಿಂದ ಊರಿಗೆ ಎರಡು ದಿನಕ್ಕೆ ಹೋಗಬಹುದು ಎಂಬ ಆಲೋಚನೆಯೇ ನಮ್ಮಂಥವರಿಗೆ ಬರುವುದಿಲ್ಲ. ಊರಿಗೆ ಹೋಗುವುದೆಂದರೆ ಆರು ತಿಂಗಳ ಮೊದಲು ಹಗ್ಗ ಬಿಗಿದ ಪೆಟ್ಟಿಗೆ, ಅದರ ನಾಲ್ಕೂ ಬದಿಗೆ ದಪ್ಪಕ್ಷರದ ಹೆಸರು, ಒಳಗೆ ಕಂಬಳಿ, ಹಾಲಿನ ಪುಡಿ, ಸುಗಂಧದ ಬಾಟಲಿ, ಹೆಸರು ಹೇಳಿ ಕೇಳಿದವರಿಗೆಲ್ಲ ಒಂದೊಂದು ಟಾರ್ಚು. ಇಳಿದ ಮೇಲೆ ಮೂವತ್ತು ಮನೆಗಳಲ್ಲಿ ಮೂವತ್ತು ಲೋಟ ಚಹಾ. ಒಂದು ಮನೆ ತಪ್ಪಿದರೆ ಮುಂದಿನ ಮೂರು ವರ್ಷ ಅದೇ ಮಾತು. ಹದಿನೈದು ದಿನಕ್ಕಿಂತ ಕಡಿಮೆ ರಜೆಯಲ್ಲಿ ಇದನ್ನು ಮುಗಿಸಿದವರಿಲ್ಲ. ಆದ್ದರಿಂದಲೇ ಮೂರು ಗಂಟೆಯ ಸಮಾರಂಭಕ್ಕೆ ನಾನು ಹದಿನೈದು ದಿನ ಕೇಳಿದ್ದೆ; ಕೇಳುವುದು ಸರಿಯಾದ ಕ್ರಮವೆಂದು ನಂಬಿದ್ದೆ.

"ಗುರುವಾರ ಕೆಲಸ ಬಿಟ್ಟು ಏರ್‌ಪೋರ್ಟ್," ಎಂದು ಸದಾನಂದಣ್ಣ ಬೆರಳು ಮಡಚಿದರು. "ಶುಕ್ರವಾರ ಬೆಳಿಗ್ಗೆ ಮಂಗ್ಳೂರು. ಶನಿವಾರ ತಂಗಿದು ಮುಗ್ಸು, ಸಂಜೆ ಫ್ಲೈಟು ಹತ್ತು. ಭಾನುವಾರ ಎಂಟು ಗಂಟೆಗೆ ಇದೇ ಕುರ್ಚಿ. ಮಾಫಿ ಮುಶ್ಕಿಲ್, ತೊಂದ್ರೆಯೇ ಇಲ್ಲ!"

"ಪೆಟ್ಟಿಗೆಯಿಲ್ಲದೆ ಹೇಗೆ ಹೋಗುವುದು?"

"ಕಾಲಲ್ಲಿ ನಡ್ಕೊಂಡು!" ಎಂದರು ಜೆಸಿಂತಾ ಬಾಯಿ. "ಒಂದು ಹೆಗಲಚೀಲ ಸಾಕು. ಯಲ್ಲಾ, ಬೇಗ ಟಿಕೆಟ್ ನೋಡು. ಚೀಲದಲ್ಲಿ ಸ್ವಲ್ಪ ಜಾಗ ಇದ್ರೆ ನಂದೊಂದು ಸಣ್ಣ ಪೊಟ್ಟಣ ಉಂಟು."

ಆದರೂ ನನಗೆ ಧೈರ್ಯ ಸಾಲಲಿಲ್ಲ. ವಾರಾಂತ್ಯದಲ್ಲಿ ದೇಶ ಬಿಟ್ಟು ಹೋಗಲು ಮೇಲಧಿಕಾರಿಯ ಅನುಮತಿ ಬೇಕಲ್ಲವೇ ಎಂದು ಒಂದು ಪುಟದ ವಿನಂತಿಪತ್ರವನ್ನು ಬರೆದು ಕ್ರೇಗ್ ಅವರಿಗೆ ಕೊಟ್ಟೆ. ಆ ಹೊತ್ತಿಗೆ ಅವರ ತಂಡ ಮುಂದಿನ ಸುತ್ತಿನ ಮೊದಲ ಪಂದ್ಯದಲ್ಲಿಯೇ ಹೀನಾಯವಾಗಿ ಸೋತಿತ್ತು. ಆದರೂ ಅವರು ಗೆಲುವಾಗಿಯೇ ಇದ್ದರು. "ಬಾಗಿಲೊಳಗೆ ಹೋದೆವಲ್ಲ! ಮುಂದಿನ ವರ್ಷ ಇನ್ನೂ ಒಳಗೆ" ಎನ್ನುತ್ತಿದ್ದರು. ಪತ್ರವನ್ನು ಪೂರ್ತಿ ಓದಿ, ತಲೆ ಎತ್ತಿ, ನಿಧಾನವಾಗಿ ಕೇಳಿದರು: "ಗೆಳೆಯಾ, ನಿನ್ನ ಶನಿವಾರವನ್ನು ನನ್ನ ಹತ್ತಿರ ಕೇಳ್ತಾ ಇದ್ದೀಯಾ?" ನಾನು ಹೌದೆಂದೆ. ಅವರು ಪತ್ರದ ಅಂಚಿನಲ್ಲಿ 'ಮಂಜೂರು' ಎಂದು ಬರೆದು, ಅದರ ಕೆಳಗೆ ತಂಗಿಗೆ ಅಭಿನಂದನೆ ಎಂದೂ ಬರೆದರು.

ಹೀಗೆ ನಾನು ಜೀವನದಲ್ಲಿ ಮೊದಲ ಬಾರಿಗೆ ಎರಡೂ ಕೈ ಬೀಸಿಕೊಂಡು ಮಂಗಳೂರಿನ ಬಜಪೆ ವಿಮಾನನಿಲ್ದಾಣದಲ್ಲಿ ಇಳಿದೆ. ಸಾಮಾನು ಬರುವ ಪಟ್ಟಿಯ ಸುತ್ತ ಜನ ತಳ್ಳಾಡುತ್ತಿರುವಾಗ ಅವರ ನಡುವಿನಿಂದ ಹಗುರವಾಗಿ ನಡೆದು ಹೊರಬಂದ ಸುಖವನ್ನು ವರ್ಣಿಸಲಾರೆ. ಸುಖ ಮನೆಯ ಮೆಟ್ಟಿಲವರೆಗೆ ಬಾಳಿತು. ಅಮ್ಮ ಅಂಗಳಕ್ಕೆ ಓಡಿ ಬಂದವರು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ನೋಡಿದರು, ಆಟೋದೊಳಗೆ ಇಣುಕಿದರು.

"ಪೆಟ್ಟಿಗೆ ಎಲ್ಲಿ?"

"ಇಲ್ಲಮ್ಮ. ಇದೊಂದೇ ಚೀಲ. ನಾಳೆಯೇ ಹೊರಡಬೇಕಲ್ಲ."

ಬೇಲಿಯ ಆಚೆ ನೆರೆಮನೆಯ ಅಪ್ಪಿಯಕ್ಕ ಒಗೆದ ಬಟ್ಟೆಯನ್ನು ಹಿಂಡುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅಮ್ಮ ನನ್ನ ಕೈ ಹಿಡಿದು ಬಚ್ಚಲುಮನೆಯ ಹಿಂದಕ್ಕೆ ಕರೆದೊಯ್ದರು. ದನಿ ತಗ್ಗಿಸಿ, ತಲೆ ಸವರಿ ಕೇಳಿದರು: "ಕೆಲಸದಿಂದ ತೆಗೆದ್ರಾ ಮಗ? ಹೇಳು, ಪರವಾಗಿಲ್ಲ. ನಾನು ಬೀಡಿ ಇನ್ನೂ ಬಿಟ್ಟಿಲ್ಲ."

ನಾನು ಶನಿವಾರದ ವಿಷಯವನ್ನು ವಿವರಿಸಿದೆ. ಅಮೆರಿಕದ ಫುಟ್‌ಬಾಲನ್ನೂ, ಮೂರು ಹಂತಗಳನ್ನೂ ವಿವರಿಸಿದೆ. ವಿವರಿಸಿದಷ್ಟೂ ಅವರ ಅನುಮಾನ ಬಲವಾಯಿತು. ಕೊನೆಗೆ ಚೀಲದಿಂದ ಹಿಂದಿರುಗುವ ಟಿಕೆಟಿನ ಹಾಳೆಯನ್ನು ತೆಗೆದು ತೋರಿಸಿದೆ. "ಇದು ವಾಪಸು ಹೋಗುವ ಚೀಟಿಯಾ? ಖಂಡಿತವಾ?" ಎಂದು ಮೂರು ಸಲ 'ಖಂಡಿತ'ವೆನ್ನಿಸಿಕೊಂಡು, ಅದನ್ನು ಮಡಚದೆ ಎದೆಗವಚಿ ಹಿಡಿದು, ನೇರವಾಗಿ ಬೇಲಿಯ ಕಡೆಗೆ ನಡೆದರು. ಆ ದಿನ ಸಂಜೆಯೊಳಗೆ ಆ ಹಾಳೆ ನಾನು ಹೋಗಲಾಗದ ಮೂವತ್ತು ಮನೆಗಳಿಗೂ ಹೋಗಿ ಬಂತು.

ಮರುದಿನ ಸಭಾಂಗಣದಲ್ಲಿ ನಾವಿಬ್ಬರೂ ಹನ್ನೊಂದನೆಯ ಸಾಲಿನಲ್ಲಿ ಕುಳಿತೆವು. ಎಲ್ಲ ಮಕ್ಕಳೂ ಒಂದೇ ಬಗೆಯ ಕಪ್ಪು ಗೌನು ತೊಟ್ಟಿದ್ದರಿಂದ ಅಮ್ಮ ಪ್ರತಿ ಹೆಸರಿಗೂ, "ಇವಳೇನಾ? ಇವಳೇನಾ?" ಎಂದು ಅರ್ಧ ಎದ್ದು ಕೂರುತ್ತಿದ್ದರು, ಯಾರ ಮಕ್ಕಳೆಂದು ನೋಡದೆ ಎಲ್ಲರಿಗೂ ಚಪ್ಪಾಳೆ ತಟ್ಟಿದರು. ವಿನುತಾಳ ಹೆಸರು ಬಂದಾಗ ಮಾತ್ರ ತಟ್ಟಲು ಮರೆತರು. ನಾನೂ ಮರೆತೆ. ಅವಳು ವೇದಿಕೆಯ ಮೇಲಿಂದ ಹನ್ನೊಂದನೆಯ ಸಾಲನ್ನು ಹುಡುಕಿ, ಎರಡು ಕುರ್ಚಿಗಳೂ ತುಂಬಿರುವುದನ್ನು ನೋಡಿ, ಇಳಿಯಬೇಕಾದ ಮೆಟ್ಟಿಲನ್ನು ಬಿಟ್ಟು ಹತ್ತುವ ಮೆಟ್ಟಿಲಿನಿಂದಲೇ ಇಳಿದಳು.

ಹೊರಗೆ ಬಾಗಿಲ ಬಳಿ ಅವರಿಬ್ಬರ ಫೋಟೋ ತೆಗೆದೆ. ಈಗ ಅದು ಡಿಸ್ಕವರಿ ಗಾರ್ಡನ್ಸ್‌ನ ನನ್ನ ಮಂಚದ ಮೇಲಿನ ಗೋಡೆಯಲ್ಲಿದೆ. ವಿನುತಾ ತನ್ನ ಪದವಿಪತ್ರವನ್ನು ಎರಡೂ ಕೈಯಲ್ಲಿ ಕ್ಯಾಮೆರಾಕ್ಕೆ ಹಿಡಿದಿದ್ದಾಳೆ. ಪಕ್ಕದಲ್ಲಿ ಅಮ್ಮ, ಅಷ್ಟೇ ಗಂಭೀರವಾಗಿ, ಅಷ್ಟೇ ನೇರವಾಗಿ, ನನ್ನ ರಿಟರ್ನ್ ಟಿಕೆಟನ್ನು ಹಿಡಿದಿದ್ದಾರೆ. ಬಂದವರು ಇದರಲ್ಲಿ ನೀನೆಲ್ಲಿ ಎಂದು ಕೇಳುತ್ತಾರೆ. ಹಾಳೆಯನ್ನು ಅಮ್ಮ ತಲೆಕೆಳಗಾಗಿ ಹಿಡಿದಿರುವುದರಿಂದ, ಫೋಟೋವನ್ನು ಗೋಡೆಯಿಂದ ತೆಗೆದು ತಿರುಗಿಸಿ ನೋಡಿದರೆ ನನ್ನ ಹೆಸರನ್ನು ಓದಬಹುದು. ಯಾವ ಅಕ್ಷರವೂ ತಪ್ಪಿಲ್ಲ.